ಜಲವಾಸಿ ಸಲಮಾಂಡರ್‌ಗಳ ಕ್ಷೇತ್ರ ಅಧ್ಯಯನ: ಸ್ನಾತಕೋತ್ತರ ಹಾಗೂ ಡಾಕ್ಟರೇಟ್ ಸಂಶೋಧನೆಯ ಅವಕಾಶಗಳು

ಪೀಠಿಕೆ

ಉಭಯಚರ ವರ್ಗದಲ್ಲಿ ಕಪ್ಪೆಗಳು, ಕಾಲಿಲ್ಲದ ಸಿಸಿಲಿಯನ್‌ಗಳು ಹಾಗೂ ಸಲಮಾಂಡರ್‌ಗಳು ಎಂಬ ಮೂರು ಗಣಗಳಿವೆ. ಸಲಮಾಂಡರ್ ನೋಟಕ್ಕೆ ಹಲ್ಲಿಯನ್ನು ಹೋಲುತ್ತದೆಯಾದರೂ ಅದರ ಮೈಮೇಲೆ ಹುರುಪೆಗಳಿರುವುದಿಲ್ಲ. ಚರ್ಮವು ಸದಾ ತೇವದಿಂದ ಕೂಡಿರುತ್ತದೆ. ಇವುಗಳಲ್ಲಿ ಕೆಲವು ಜಾತಿಗಳು ನೆಲದ ಮೇಲೆ ವಾಸಿಸಿದರೆ, ಇನ್ನು ಕೆಲವು ಜೀವಮಾನವಿಡೀ ನೀರನ್ನು ಬಿಟ್ಟು ಹೊರಬರುವುದಿಲ್ಲ. ಇಂತಹವುಗಳನ್ನು ಜಲವಾಸಿ ಸಲಮಾಂಡರ್‌ಗಳೆಂದು ಕರೆಯಲಾಗುತ್ತದೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವಭಾಗದಲ್ಲಿರುವ ಅಪಲೇಚಿಯನ್ ಪರ್ವತಶ್ರೇಣಿಯು ಸಲಮಾಂಡರ್‌ಗಳ ವೈವಿಧ್ಯಕ್ಕೆ ಪ್ರಸಿದ್ಧವಾಗಿದೆ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಈ ಪ್ರಾಣಿಗಳ ಕುರಿತು ನಡೆದಿರುವ ಕ್ಷೇತ್ರ ಅಧ್ಯಯನದ ಬಹುಭಾಗವನ್ನು ಸ್ನಾತಕೋತ್ತರ ಹಾಗೂ ಡಾಕ್ಟರೇಟ್ ವಿದ್ಯಾರ್ಥಿಗಳೇ ನಿರ್ವಹಿಸುತ್ತಾ ಬಂದಿದ್ದಾರೆ. ಹೆಲ್‌ಬೆಂಡರ್ ಎಂಬ ದೈತ್ಯ ಸಲಮಾಂಡರನ್ನು ಉದಾಹರಣೆಯಾಗಿಟ್ಟುಕೊಂಡು ಈ ಅಧ್ಯಯನದ ಸ್ವರೂಪ, ಅಗತ್ಯ, ವಿಧಾನ ಹಾಗೂ ಪ್ರವೇಶಾವಕಾಶಗಳನ್ನು ಇಲ್ಲಿ ವಿವರಿಸಲಾಗಿದೆ.

ಹೆಲ್‌ಬೆಂಡರ್: ಪ್ರಾಣಿಯ ಪರಿಚಯ

ಹೆಲ್‌ಬೆಂಡರ್‌ನ ವೈಜ್ಞಾನಿಕ ಹೆಸರು ಕ್ರಿಪ್ಟೋಬ್ರಾಂಕಸ್ ಅಲೆಗಾನಿಯೆನ್ಸಿಸ್. ಜಪಾನ್ ಹಾಗೂ ಚೀನಾ ದೇಶಗಳ ದೈತ್ಯ ಸಲಮಾಂಡರ್‌ಗಳು ಇದೇ ಕುಟುಂಬಕ್ಕೆ ಸೇರಿವೆ. ಹೆಲ್‌ಬೆಂಡರ್ ಗರಿಷ್ಠ 74 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಚಪ್ಪಟೆಯಾದ ತಲೆ, ಸಣ್ಣ ಕಣ್ಣುಗಳು ಹಾಗೂ ದೇಹದ ಎರಡೂ ಪಾರ್ಶ್ವಗಳಲ್ಲಿ ನೆರಿಗೆ ನೆರಿಗೆಯಾಗಿ ಇಳಿಬಿದ್ದ ಚರ್ಮ ಇದರ ಲಕ್ಷಣಗಳು. ಈ ನೆರಿಗೆಗಳು ಕೇವಲ ಅಲಂಕಾರಕ್ಕಲ್ಲ. ವಯಸ್ಕ ಪ್ರಾಣಿಗೆ ಶ್ವಾಸಕೋಶಗಳಿದ್ದರೂ ತನಗೆ ಬೇಕಾದ ಆಮ್ಲಜನಕದ ಶೇಕಡಾ 90ಕ್ಕೂ ಹೆಚ್ಚು ಭಾಗವನ್ನು ಅದು ಚರ್ಮದ ಮೂಲಕವೇ ಪಡೆಯುತ್ತದೆ. ಆದ್ದರಿಂದ ತಂಪಾದ, ವೇಗವಾಗಿ ಹರಿಯುವ, ಆಮ್ಲಜನಕ ಸಮೃದ್ಧವಾದ ನೀರು ಇದಕ್ಕೆ ಅನಿವಾರ್ಯ.

ಈ ಪ್ರಾಣಿಯು ಹಗಲಿನಲ್ಲಿ ನದಿಪಾತ್ರದ ದೊಡ್ಡ ಚಪ್ಪಡಿ ಕಲ್ಲುಗಳ ಅಡಿಯಲ್ಲಿ ಅಡಗಿದ್ದು, ರಾತ್ರಿ ಹೊರಬಂದು ಮುಖ್ಯವಾಗಿ ಸಿಹಿನೀರಿನ ಸೀಗಡಿಜಾತಿಯ ಕ್ರೇಫಿಶ್‌ಗಳನ್ನು ತಿನ್ನುತ್ತದೆ. ಆಗಸ್ಟ್ ಕೊನೆಯಿಂದ ಶರತ್ಕಾಲದ ಅವಧಿಯಲ್ಲಿ ಹೆಣ್ಣು ಕಲ್ಲಿನಡಿಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಬಳಿಕ ಗೂಡಿನ ರಕ್ಷಣೆಯ ಪೂರ್ಣ ಹೊಣೆ ಗಂಡಿನದು. ಮೊಟ್ಟೆಯೊಡೆದು ಬಂದ ಮರಿಗಳು ಗೂಡು ತೊರೆಯುವ ಮುಂದಿನ ವಸಂತದವರೆಗೂ ಗಂಡು ಕಾವಲಿರುತ್ತದೆ. ಮರಿಗಳಿಗೆ ಮೊದಲು ಹೊರಕಿವಿರುಗಳಿದ್ದು, ಸುಮಾರು ಎರಡು ವರ್ಷಗಳಲ್ಲಿ ಅವು ಉದುರುತ್ತವೆ. ಪ್ರಾಯಕ್ಕೆ ಬರಲು ಐದಾರು ವರ್ಷಗಳಿಗೂ ಮೇಲ್ಪಟ್ಟು ಬೇಕಾಗಬಹುದು. ಆಯುಷ್ಯ 25ರಿಂದ 30 ವರ್ಷಗಳಷ್ಟು ದೀರ್ಘವಾದುದು.

ಹೆಲ್‌ಬೆಂಡರ್‌ನಲ್ಲಿ ಎರಡು ಉಪಜಾತಿಗಳನ್ನು ಗುರುತಿಸಲಾಗಿದೆ. ಪೂರ್ವದ ಹೆಲ್‌ಬೆಂಡರ್ ನ್ಯೂಯಾರ್ಕ್‌ನಿಂದ ಜಾರ್ಜಿಯಾದವರೆಗೆ, ಪಶ್ಚಿಮದಲ್ಲಿ ಮಿಸ್ಸೌರಿಯವರೆಗೆ ಒಟ್ಟು 15 ರಾಜ್ಯಗಳ ನದಿಗಳಲ್ಲಿ ಹರಡಿದೆ. ಓಜಾರ್ಕ್ ಹೆಲ್‌ಬೆಂಡರ್ ದಕ್ಷಿಣ ಮಿಸ್ಸೌರಿ ಮತ್ತು ಉತ್ತರ ಅರ್ಕನ್ಸಾ ಪ್ರದೇಶಗಳಿಗೆ ಮಾತ್ರ ಸೀಮಿತವಾಗಿದೆ. 2019ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯವು ಪೂರ್ವದ ಹೆಲ್‌ಬೆಂಡರನ್ನು ತನ್ನ ರಾಜ್ಯ ಉಭಯಚರವೆಂದು ಘೋಷಿಸಿತು.

ಸಮಸ್ಯೆಯ ಸ್ವರೂಪ

ದೀರ್ಘಾಯುಷಿಯಾದ ಪ್ರಾಣಿಯ ಅವನತಿಯು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಒಂದು ನದಿಯಲ್ಲಿ ಕಲ್ಲೆತ್ತಿದಾಗ ದಷ್ಟಪುಷ್ಟವಾದ ವಯಸ್ಕ ಪ್ರಾಣಿಗಳು ಸಿಗುತ್ತಿದ್ದರೆ ಎಲ್ಲವೂ ಕ್ಷೇಮವಾಗಿದೆಯೆಂದು ಭಾವಿಸುವುದು ಸಹಜ. ಆದರೆ ಆ ಪ್ರಾಣಿಗಳೆಲ್ಲ ಇಪ್ಪತ್ತು ವರ್ಷಗಳ ಹಿಂದೆ ಹುಟ್ಟಿದವುಗಳಾಗಿದ್ದು, ಅನಂತರ ಒಂದು ಮರಿಯೂ ಬದುಕುಳಿದಿಲ್ಲದಿರಬಹುದು. ಅಂತಹ ನದಿಯು ಮೇಲ್ನೋಟಕ್ಕೆ ತುಂಬಿದ ಮನೆಯಂತೆ ಕಂಡರೂ ಅದು ವೃದ್ಧರು ಮಾತ್ರ ಉಳಿದಿರುವ ಮನೆ. ಈ ವ್ಯತ್ಯಾಸವು ಒಂದು ದಿನದ ಸಮೀಕ್ಷೆಯಲ್ಲಿ ತಿಳಿಯಲಾರದು. ಅದೇ ಸ್ಥಳಗಳಿಗೆ, ಅದೇ ವಿಧಾನದಿಂದ, ವರ್ಷ ವರ್ಷವೂ ಮರಳಿ ಹೋಗುವವರಿದ್ದಾಗ ಮಾತ್ರ ತಿಳಿಯುತ್ತದೆ.

ಮಿಸ್ಸೌರಿ ರಾಜ್ಯದ ಅನುಭವವು ಇದಕ್ಕೆ ಸ್ಪಷ್ಟ ನಿದರ್ಶನ. ಅಲ್ಲಿನ ನದಿಗಳಲ್ಲಿ 1960ರ ದಶಕದ ಅಂತ್ಯದಿಂದ ನಡೆದ ಅಧ್ಯಯನಗಳ ದಾಖಲೆಗಳು ಉಳಿದಿದ್ದವು. ಮ್ಯಾಕ್ಸ್ ನಿಕರ್ಸನ್ ಹಾಗೂ ಚಾರ್ಲ್ಸ್ ಮೇಸ್ ಅವರು 1973ರಲ್ಲಿ ಹೆಲ್‌ಬೆಂಡರ್ ಕುರಿತು ಪ್ರಕಟಿಸಿದ ಗ್ರಂಥವು ಈ ಅಧ್ಯಯನಗಳಿಗೆ ತಳಹದಿಯಾಯಿತು. ಹಳೆಯ ದಾಖಲೆಗಳೊಂದಿಗೆ ಹೊಸ ಸಮೀಕ್ಷೆಯನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎರಡು ದಶಕಗಳಿಗೂ ಹೆಚ್ಚಿನ ಅವಧಿಯಲ್ಲಿ ಆ ರಾಜ್ಯದ ಹೆಲ್‌ಬೆಂಡರ್‌ಗಳ ಸಂಖ್ಯೆ ಸರಾಸರಿ ಶೇಕಡಾ 77ರಷ್ಟು ಕುಸಿದಿರುವುದನ್ನು ತೋರಿಸಿತು. ಉಳಿದ ಪ್ರಾಣಿಗಳಲ್ಲಿ ಎಳೆಯವು ವಿರಳವಾಗಿದ್ದವು. 2011ರಲ್ಲಿ ಓಜಾರ್ಕ್ ಹೆಲ್‌ಬೆಂಡರನ್ನು, 2021ರಲ್ಲಿ ಮಿಸ್ಸೌರಿಯಲ್ಲಿರುವ ಪೂರ್ವದ ಹೆಲ್‌ಬೆಂಡರ್‌ಗಳನ್ನು ಅಮೆರಿಕದ ಕೇಂದ್ರ ಸರ್ಕಾರವು ಅಳಿವಿನಂಚಿನಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿತು.

2024ರ ಡಿಸೆಂಬರ್‌ನಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವಾ ಸಂಸ್ಥೆಯು ಪೂರ್ವದ ಉಪಜಾತಿಯನ್ನು ಇಡಿಯಾಗಿ ಈ ಪಟ್ಟಿಗೆ ಸೇರಿಸುವ ಪ್ರಸ್ತಾವವನ್ನು ಮುಂದಿಟ್ಟಿತು. ಆ ಸಂದರ್ಭದಲ್ಲಿ ನೀಡಲಾದ ವಿವರಗಳು ಹೀಗಿವೆ:

1. ಹಿಂದೆ ದಾಖಲಾಗಿದ್ದ 626 ಸಮುದಾಯಗಳ ಪೈಕಿ ಉಳಿದಿರುವವು 371.
2. ಉಳಿದವುಗಳಲ್ಲಿ ಸ್ಥಿರವಾಗಿದ್ದು, ಹೊಸ ಪೀಳಿಗೆ ಸೇರ್ಪಡೆಯಾಗುತ್ತಿರುವವು 45.
3. ಕ್ಷೀಣಿಸುತ್ತಿರುವವು 218.
4. ಹೊಸ ಪೀಳಿಗೆ ಸೇರುತ್ತಿದೆಯೇ ಇಲ್ಲವೇ ಎಂಬುದೇ ತಿಳಿಯದಿರುವವು 108.

ಕೊನೆಯ ಅಂಕಿಯನ್ನು ವಿಶೇಷವಾಗಿ ಗಮನಿಸಬೇಕು. ನೂರಕ್ಕೂ ಹೆಚ್ಚು ಸಮುದಾಯಗಳ ಸ್ಥಿತಿ ತಿಳಿಯದಿರುವುದಕ್ಕೆ ಅಲ್ಲಿ ನಿಂತು ನೋಡುವವರ ಕೊರತೆಯೇ ಮುಖ್ಯ ಕಾರಣ. ಸ್ನಾತಕೋತ್ತರ ಸಂಶೋಧನೆಯ ಪ್ರಾಮುಖ್ಯ ಇರುವುದು ಇಲ್ಲಿಯೇ.

ವಿದ್ಯಾರ್ಥಿ ಸಂಶೋಧನೆಯ ಪಾತ್ರ

ಸ್ನಾತಕೋತ್ತರ ವ್ಯಾಸಂಗದ ಅವಧಿ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷಗಳು. ಡಾಕ್ಟರೇಟ್ ಅವಧಿ ನಾಲ್ಕರಿಂದ ಆರು ವರ್ಷಗಳು. ಮೂವತ್ತು ವರ್ಷ ಬದುಕುವ ಪ್ರಾಣಿಯ ಜೀವನಚಕ್ರವನ್ನು ಯಾವ ಒಬ್ಬ ವಿದ್ಯಾರ್ಥಿಯೂ ತನ್ನ ವ್ಯಾಸಂಗದ ಅವಧಿಯಲ್ಲಿ ಪೂರ್ಣವಾಗಿ ಕಾಣಲಾರನು. ಆದಕಾರಣ ಇಂತಹ ಸಂಶೋಧನೆಯು ಕೈಯಿಂದ ಕೈಗೆ ದಾಟುವ ಕಾರ್ಯವಾಗಿದೆ. ಒಬ್ಬರು ಗುರುತು ಹಾಕಿದ ಪ್ರಾಣಿಯನ್ನು ಹತ್ತು ವರ್ಷಗಳ ಬಳಿಕ ಮತ್ತೊಬ್ಬರು ಹಿಡಿದು ತೂಗುತ್ತಾರೆ. ಹಿಂದಿನವರು ಶಿಸ್ತಿನಿಂದ ಬರೆದಿಟ್ಟ ಟಿಪ್ಪಣಿಯೇ ಮುಂದಿನವರ ಸಂಶೋಧನೆಗೆ ಮೂಲಧನವಾಗುತ್ತದೆ.

ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ತಂಡವು ನಡೆಸಿದ ಗೂಡುಪೆಟ್ಟಿಗೆಗಳ ಅಧ್ಯಯನವು ಇದಕ್ಕೆ ಉತ್ತಮ ಉದಾಹರಣೆ. ನದಿಯ ತಳದಲ್ಲಿ ಕೃತಕ ಗೂಡುಗಳನ್ನು ಇರಿಸಿ, 10 ಸ್ಥಳಗಳಲ್ಲಿ 8 ವರ್ಷಗಳ ಕಾಲ 182 ಗೂಡುಗಳ ಆಗುಹೋಗುಗಳನ್ನು ದಾಖಲಿಸಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶವು ಅನಿರೀಕ್ಷಿತವಾಗಿತ್ತು. ನದಿಯ ಮೇಲ್ಭಾಗದ ದಡಗಳಲ್ಲಿ ಕಾಡು ಕಡಿಮೆಯಾಗಿರುವ ಸ್ಥಳಗಳಲ್ಲಿ ಗೂಡುಗಳು ಹೆಚ್ಚಾಗಿ ವಿಫಲವಾಗುತ್ತಿದ್ದವು. ಕೆಲವು ಸ್ಥಳಗಳಲ್ಲಿ ಒಂದು ಗೂಡೂ ಸಫಲವಾಗಲಿಲ್ಲ. ಇದಕ್ಕೆ ಮುಖ್ಯ ಕಾರಣ ಹೊರಗಿನ ಶತ್ರುವಾಗಿರದೆ, ಕಾವಲಿರಬೇಕಾದ ಗಂಡೇ ತನ್ನ ಮೊಟ್ಟೆಗಳನ್ನು ತಿಂದುಹಾಕುತ್ತಿದ್ದುದಾಗಿತ್ತು. ಗಂಡು ಹಸಿವಿನಿಂದ ಬಡಕಲಾಗಿರುವುದು ಅಥವಾ ಮೊಟ್ಟೆಗಳ ಸಂಖ್ಯೆ ಕಡಿಮೆಯಿರುವುದು ಇದಕ್ಕೆ ಕಾರಣವೆಂಬ ಊಹೆಗಳು ಈ ದತ್ತಾಂಶಕ್ಕೆ ಹೊಂದಲಿಲ್ಲ. ವಯಸ್ಕ ಪ್ರಾಣಿಗಳಿರುವ ನದಿಯಲ್ಲಿ ಎಳೆಯವು ಏಕೆ ಇಲ್ಲವೆಂಬ ಬಹುಕಾಲದ ಪ್ರಶ್ನೆಗೆ ಇದರಿಂದ ಒಂದು ಸುಳಿವು ದೊರೆಯಿತು; ಜೊತೆಗೆ ಮುಂದಿನ ಸಂಶೋಧಕರಿಗೆ ಹೊಸ ಪ್ರಶ್ನೆಯೊಂದು ಉಳಿಯಿತು. ಒಂದೆರಡು ವರ್ಷಗಳ ಅವಲೋಕನದಲ್ಲಿ ಈ ಪ್ರವೃತ್ತಿಯು ಆಕಸ್ಮಿಕವೆಂದು ತೋರುವ ಸಾಧ್ಯತೆಯಿತ್ತು.

ಸಂರಕ್ಷಣಾ ಕ್ರಮಗಳ ಪರಿಣಾಮವನ್ನು ಪರಿಶೀಲಿಸುವುದು ವಿದ್ಯಾರ್ಥಿಗಳಿಗೆ ತೆರೆದಿರುವ ಮತ್ತೊಂದು ಕ್ಷೇತ್ರ. 2011ರಲ್ಲಿ ಸೇಂಟ್ ಲೂಯಿಸ್ ಮೃಗಾಲಯ ಹಾಗೂ ಮಿಸ್ಸೌರಿ ಸಂರಕ್ಷಣಾ ಇಲಾಖೆಗಳು ಓಜಾರ್ಕ್ ಹೆಲ್‌ಬೆಂಡರನ್ನು ಪ್ರಪ್ರಥಮ ಬಾರಿಗೆ ಮಾನವ ಆರೈಕೆಯಲ್ಲಿ ಸಂತಾನೋತ್ಪತ್ತಿ ಮಾಡಿಸುವಲ್ಲಿ ಯಶಸ್ವಿಯಾದವು. ಹೀಗೆ ಸಾಕಿದ ಸಾವಿರಾರು ಪ್ರಾಣಿಗಳನ್ನು ನದಿಗಳಿಗೆ ಬಿಡಲಾಗಿದೆ. ತೊಟ್ಟಿಯಲ್ಲಿ ಬೆಳೆದ ಪ್ರಾಣಿಯು ಪ್ರವಾಹವನ್ನೂ ಶತ್ರುಗಳನ್ನೂ ಎದುರಿಸಿ ಬದುಕಬಲ್ಲದೇ ಎಂಬುದನ್ನು ತಿಳಿಯಲು ಬಿಡುಗಡೆಯ ನಂತರದ ಅನುಸರಣೆ ಅವಶ್ಯಕ. ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ, ಮರಿಗಳಿಗೆ ಬಿಡುಗಡೆಗೆ ಮುನ್ನವೇ ಪರಭಕ್ಷಕ ಮೀನುಗಳ ವಾಸನೆಯನ್ನು ಪರಿಚಯಿಸಿ ತರಬೇತಿ ನೀಡುವ ಪ್ರಯೋಗಗಳು ನಡೆದಿವೆ.

ಕ್ಷೇತ್ರಕಾರ್ಯದ ವಿಧಾನಗಳು

ಹೆಲ್‌ಬೆಂಡರ್ ಅಧ್ಯಯನದಲ್ಲಿ ಬಳಕೆಯಲ್ಲಿರುವ ಪ್ರಮುಖ ವಿಧಾನಗಳು ಈ ಕೆಳಕಂಡಂತಿವೆ.

ಅ) ಕಲ್ಲೆತ್ತಿ ಹುಡುಕುವುದು: ಈಜುಮುಖವಾಡ ಹಾಗೂ ಉಸಿರುನಳಿಕೆ ಧರಿಸಿದ ಒಬ್ಬರು ಹೊಳೆಯಲ್ಲಿ ಮುಖ ಕೆಳಗಾಗಿ ಮಲಗಿದ್ದು, ಉಳಿದವರು ಉದ್ದನೆಯ ಮೀಟುಗೋಲಿನಿಂದ ಕಲ್ಲನ್ನು ಸ್ವಲ್ಪವೇ ಎತ್ತಿ ಹಿಡಿಯುತ್ತಾರೆ. ಅಡಿಯಲ್ಲಿರುವ ಪ್ರಾಣಿಯನ್ನು ಕೈಯಿಂದ ಹಿಡಿಯಲಾಗುತ್ತದೆ. ಇದು ಬಹುಕಾಲದಿಂದ ಬಂದಿರುವ ವಿಧಾನ. ಎತ್ತಿದ ಕಲ್ಲನ್ನು ಇದ್ದ ಸ್ಥಳದಲ್ಲಿಯೇ, ಇದ್ದ ರೀತಿಯಲ್ಲಿಯೇ ಇರಿಸದಿದ್ದರೆ ಆ ಆಸರೆಯು ಪ್ರಾಣಿಗೆ ಶಾಶ್ವತವಾಗಿ ಇಲ್ಲವಾಗಬಹುದು. ಆದ್ದರಿಂದ ಸಂತಾನೋತ್ಪತ್ತಿಯ ಕಾಲದಲ್ಲಿ ಈ ವಿಧಾನವನ್ನು ಸಾಮಾನ್ಯವಾಗಿ ಕೈಬಿಡಲಾಗುತ್ತದೆ.

ಆ) ಗೂಡುಪೆಟ್ಟಿಗೆ: ಕಾಂಕ್ರೀಟಿನಿಂದ ನಿರ್ಮಿಸಿದ, ಕಿರಿದಾದ ಪ್ರವೇಶಮಾರ್ಗ ಹಾಗೂ ಮೇಲ್ಮುಚ್ಚಳವಿರುವ ಪೆಟ್ಟಿಗೆಯನ್ನು ನದಿಯ ತಳದಲ್ಲಿ ಹುದುಗಿಸಲಾಗುತ್ತದೆ. ಮುಚ್ಚಳ ತೆರೆದು ನೋಡಬಹುದಾದ್ದರಿಂದ ನೈಸರ್ಗಿಕ ಕಲ್ಲುಗಳನ್ನು ಕದಡುವ ಅಗತ್ಯವಿರುವುದಿಲ್ಲ. ಆದರೆ ಪ್ರವಾಹದ ನಂತರ ಮರಳು ಹಾಗೂ ಹೂಳು ತುಂಬಿದ ಪೆಟ್ಟಿಗೆಗಳನ್ನು ಮತ್ತೆ ಮತ್ತೆ ಸ್ವಚ್ಛಗೊಳಿಸಬೇಕಾಗುತ್ತದೆ.

ಇ) ಗುರುತು ಮಾಡಿ ಮರುಹಿಡಿಯುವುದು: ಹಿಡಿದ ಪ್ರಾಣಿಯ ಉದ್ದ ಹಾಗೂ ತೂಕವನ್ನು ದಾಖಲಿಸಿ, ಅಕ್ಕಿಕಾಳಿನಂತಹ ಗುರುತಿನ ಚಿಪ್ಪನ್ನು ಚರ್ಮದಡಿಯಲ್ಲಿ ಸೇರಿಸಲಾಗುತ್ತದೆ. ಮುಂದೆ ಅದೇ ಪ್ರಾಣಿ ದೊರೆತಾಗ ಸಂವೇದಕವು ಅದರ ಸಂಖ್ಯೆಯನ್ನು ಓದುತ್ತದೆ. ಬದುಕುಳಿಯುವ ಪ್ರಮಾಣ ಹಾಗೂ ಬೆಳವಣಿಗೆಯ ವೇಗವನ್ನು ಲೆಕ್ಕಹಾಕಲು ಈ ದಾಖಲೆಗಳೇ ಆಧಾರ.

ಈ) ರೇಡಿಯೋ ಅನುಸರಣೆ: ಪುಟ್ಟ ಪ್ರೇಷಕವನ್ನು ಅಳವಡಿಸಿ ಪ್ರಾಣಿಯ ಚಲನವಲನಗಳನ್ನು ಗುರುತಿಸಲಾಗುತ್ತದೆ. ಬಿಡುಗಡೆ ಮಾಡಿದ ಪ್ರಾಣಿಗಳ ಅಧ್ಯಯನದಲ್ಲಿ ಇದು ವಿಶೇಷವಾಗಿ ಉಪಯುಕ್ತ.

ಉ) ಪರಿಸರ ಡಿಎನ್‌ಎ: ಪ್ರಾಣಿಯು ನೀರಿನಲ್ಲಿ ಬಿಡುವ ಚರ್ಮದ ಕಣ, ಲೋಳೆ ಮುಂತಾದವುಗಳ ಡಿಎನ್‌ಎಯನ್ನು ನೀರಿನ ಮಾದರಿಯಿಂದ ಶೋಧಿಸಿ ಪತ್ತೆಹಚ್ಚುವ ವಿಧಾನವಿದು. ಪ್ರಾಣಿಯನ್ನು ಮುಟ್ಟದೆಯೇ ಅದರ ಇರುವಿಕೆಯನ್ನು ತಿಳಿಯಬಹುದು. ಆದರೆ ಇರುವ ಪ್ರಾಣಿಯು ವೃದ್ಧವೋ ಎಳೆಯದೋ ಎಂಬುದನ್ನು ಇದು ಹೇಳಲಾರದು. ಆದಕಾರಣ ಇದು ಇತರ ವಿಧಾನಗಳಿಗೆ ಪೂರಕವೇ ಹೊರತು ಪರ್ಯಾಯವಲ್ಲ.

ಅನುಮತಿ ಹಾಗೂ ಪಾಲಿಸಬೇಕಾದ ನಿಯಮಗಳು

ಸಂಶೋಧನೆಯನ್ನು ಆರಂಭಿಸುವ ಮುನ್ನ ಸಂಬಂಧಪಟ್ಟ ರಾಜ್ಯದ ವನ್ಯಜೀವಿ ಇಲಾಖೆಯ ಪರವಾನಗಿ ಹಾಗೂ ವಿಶ್ವವಿದ್ಯಾಲಯದ ಪ್ರಾಣಿ ಬಳಕೆ ಸಮಿತಿಯ ಅನುಮೋದನೆ ಕಡ್ಡಾಯ. ಕೇಂದ್ರದ ಪಟ್ಟಿಯಲ್ಲಿರುವ ಪ್ರಾಣಿಗಳಿಗೆ ಪ್ರತ್ಯೇಕ ಪರವಾನಗಿ ಬೇಕು. ಸಾಮಾನ್ಯವಾಗಿ ಮಾರ್ಗದರ್ಶಕ ಪ್ರಾಧ್ಯಾಪಕರ ಹೆಸರಿನಲ್ಲಿ ಪರವಾನಗಿ ಇದ್ದು, ವಿದ್ಯಾರ್ಥಿಯು ಅದರಡಿಯಲ್ಲಿ ಕಾರ್ಯನಿರ್ವಹಿಸುತ್ತಾನೆ.

ರೋಗ ಹರಡದಂತೆ ತಡೆಯುವುದು ಎರಡನೆಯ ಮುಖ್ಯ ಹೊಣೆ. ಉಭಯಚರಗಳನ್ನು ಬಾಧಿಸುವ ಕೈಟ್ರಿಡ್ ಶಿಲೀಂಧ್ರವು ಹೆಲ್‌ಬೆಂಡರ್‌ಗಳಲ್ಲಿಯೂ ಕಂಡುಬಂದಿದೆ. ಸಲಮಾಂಡರ್‌ಗಳಿಗೆ ಮಾರಕವಾದ ಮತ್ತೊಂದು ಪ್ರಭೇದವನ್ನು 2013ರಲ್ಲಿ ಯುರೋಪಿನಲ್ಲಿ ಗುರುತಿಸಲಾಯಿತು. ಅದು ತನ್ನ ನೆಲಕ್ಕೆ ಬರದಂತೆ ತಡೆಯಲು ಅಮೆರಿಕವು 2016ರಲ್ಲಿ 201 ಸಲಮಾಂಡರ್ ಜಾತಿಗಳ ಆಮದನ್ನು ನಿರ್ಬಂಧಿಸಿತು. ಒಂದು ನದಿಯಿಂದ ಮತ್ತೊಂದಕ್ಕೆ ಹೋಗುವಾಗ ಪಾದರಕ್ಷೆ, ಬಲೆ ಹಾಗೂ ಉಡುಪುಗಳನ್ನು ರೋಗಾಣುನಾಶಕ ದ್ರಾವಣದಿಂದ ತೊಳೆಯುವುದು ಇದೇ ಕಾರಣದಿಂದ ಕಡ್ಡಾಯವಾಗಿದೆ.

ಮೂರನೆಯದಾಗಿ, ಅಧ್ಯಯನ ಸ್ಥಳಗಳ ಗೋಪ್ಯತೆ. ಅಕ್ರಮವಾಗಿ ಹಿಡಿದು ಮಾರುವವರ ಭಯವಿರುವುದರಿಂದ ಪ್ರಬಂಧಗಳಲ್ಲಿ ನಿಖರ ಸ್ಥಳವನ್ನು ನಮೂದಿಸಲಾಗುವುದಿಲ್ಲ. ವಿದ್ಯಾರ್ಥಿಗಳು ಛಾಯಾಚಿತ್ರಗಳನ್ನು ಹಂಚಿಕೊಳ್ಳುವಾಗಲೂ ಈ ಎಚ್ಚರವನ್ನು ವಹಿಸತಕ್ಕದ್ದು.

ಅವಕಾಶಗಳು ಹಾಗೂ ಧನಸಹಾಯ

ಅಮೆರಿಕದಲ್ಲಿ ಕ್ಷೇತ್ರ ಜೀವಶಾಸ್ತ್ರದ ಪ್ರವೇಶ ಪದ್ಧತಿಯು ಭಾರತದ ಪದ್ಧತಿಗಿಂತ ಭಿನ್ನವಾಗಿದೆ. ಇಲ್ಲಿ ಅಭ್ಯರ್ಥಿಯು ಮೊದಲು ವಿಭಾಗಕ್ಕೆ ಪ್ರವೇಶ ಪಡೆದು, ಅನಂತರ ವಿಷಯವನ್ನೂ ಮಾರ್ಗದರ್ಶಕರನ್ನೂ ಆರಿಸಿಕೊಳ್ಳುವುದು ಸಾಮಾನ್ಯ. ಅಲ್ಲಿ ಬಹುತೇಕ ಸಂದರ್ಭಗಳಲ್ಲಿ ಪ್ರಾಧ್ಯಾಪಕರು ಒಂದು ನಿರ್ದಿಷ್ಟ ಯೋಜನೆಗೆ ಅನುದಾನ ಪಡೆದ ನಂತರ ಸಂಶೋಧನಾ ಸಹಾಯಕರ ಸ್ಥಾನವನ್ನು ಪ್ರಕಟಿಸುತ್ತಾರೆ. ಅಭ್ಯರ್ಥಿಯು ಮೊದಲು ಪ್ರಾಧ್ಯಾಪಕರನ್ನು ಸಂಪರ್ಕಿಸಿ, ಅವರ ಒಪ್ಪಿಗೆ ದೊರೆತ ಮೇಲೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಸಲ್ಲಿಸುವುದು ಕ್ರಮ. ಈ ಸ್ಥಾನಗಳಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕದ ವಿನಾಯಿತಿಯೂ ಮಾಸಿಕ ವೇತನವೂ ಇರುತ್ತವೆ.

ಯೋಜನೆಗಳಿಗೆ ಹಣ ಒದಗುವುದು ಮುಖ್ಯವಾಗಿ ರಾಜ್ಯ ವನ್ಯಜೀವಿ ಇಲಾಖೆಗಳು, ಕೇಂದ್ರ ಸಂಸ್ಥೆಗಳು, ಮೃಗಾಲಯಗಳು ಹಾಗೂ ಸಂರಕ್ಷಣಾ ಸಂಘಗಳಿಂದ. 1935ರಲ್ಲಿ ಆರಂಭವಾದ ಸಹಕಾರಿ ಸಂಶೋಧನಾ ಘಟಕಗಳ ವ್ಯವಸ್ಥೆಯು ವಿಶ್ವವಿದ್ಯಾಲಯ, ರಾಜ್ಯ ಹಾಗೂ ಕೇಂದ್ರವನ್ನು ಒಂದುಗೂಡಿಸಿ ಇಂತಹ ಸಂಶೋಧನೆಗೆ ನೆರವಾಗುತ್ತಾ ಬಂದಿದೆ. ಟೆಕ್ಸಾಸ್ ಎ ಅಂಡ್ ಎಮ್ ವಿಶ್ವವಿದ್ಯಾಲಯವು ನಿರ್ವಹಿಸುವ ವನ್ಯಜೀವಿ ಉದ್ಯೋಗ ಫಲಕದಲ್ಲಿ ದೇಶದ ವಿವಿಧೆಡೆಗಳ ಸ್ಥಾನಗಳು ಪ್ರಕಟವಾಗುತ್ತವೆ. ಅನುದಾನದ ಲಭ್ಯತೆ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ವೇತನವು ಎಷ್ಟು ವರ್ಷಗಳಿಗೆ ಖಚಿತವಾಗಿದೆ ಎಂಬುದನ್ನು ಅಭ್ಯರ್ಥಿಗಳು ಒಪ್ಪಿಗೆಗೆ ಮುನ್ನವೇ ಲಿಖಿತವಾಗಿ ತಿಳಿದುಕೊಳ್ಳುವುದು ಸೂಕ್ತ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಪದವೀಧರ ಸಂಶೋಧನಾ ಫೆಲೋಶಿಪ್ ಆ ದೇಶದ ಪ್ರಜೆಗಳು ಹಾಗೂ ಕಾಯಂ ನಿವಾಸಿಗಳಿಗೆ ಮೀಸಲಾಗಿದೆ. ಸಂಶೋಧನಾ ಸಹಾಯಕ ಸ್ಥಾನಗಳಿಗೆ ಅನೇಕ ವೇಳೆ ವಿದೇಶಿ ಅಭ್ಯರ್ಥಿಗಳೂ ಅರ್ಹರು.

ಹೆಲ್‌ಬೆಂಡರ್ ಹೊರತಾಗಿ ಇತರ ಜಲವಾಸಿ ಜಾತಿಗಳಲ್ಲಿಯೂ ಅವಕಾಶಗಳಿವೆ. ಅಲಬಾಮಾದ ಬ್ಲ್ಯಾಕ್ ವಾರಿಯರ್ ವಾಟರ್‌ಡಾಗ್ 2018ರಲ್ಲಿ, ಉತ್ತರ ಕೆರೊಲಿನಾದ ನ್ಯೂಸ್ ನದಿ ವಾಟರ್‌ಡಾಗ್ 2021ರಲ್ಲಿ ಕೇಂದ್ರದ ರಕ್ಷಣೆಗೆ ಒಳಪಟ್ಟವು. ಫ್ಲಾರಿಡಾ ಹಾಗೂ ಅಲಬಾಮಾ ಪ್ರದೇಶದ ಜೌಗುಗಳಲ್ಲಿ ವಾಸಿಸುವ, ಎರಡು ಅಡಿಗಳಷ್ಟು ಉದ್ದ ಬೆಳೆಯುವ ಬಲೆಚುಕ್ಕೆಯ ಸೈರನ್ ಎಂಬ ಜಾತಿಗೆ ವೈಜ್ಞಾನಿಕ ನಾಮಕರಣವಾದುದೇ 2018ರಲ್ಲಿ. ಇಷ್ಟು ದೊಡ್ಡ ಪ್ರಾಣಿಯು ಇಷ್ಟು ಕಾಲ ದಾಖಲೆಯಿಂದ ಹೊರಗುಳಿದಿತ್ತೆಂದರೆ ನೀರಿನಡಿಯ ಜೀವಿಗಳ ಬಗ್ಗೆ ಇರುವ ಅರಿವು ಎಷ್ಟು ಸೀಮಿತವಾದುದೆಂಬುದು ಮನವರಿಕೆಯಾಗುತ್ತದೆ.

ಅಪೇಕ್ಷಿತ ಅರ್ಹತೆಗಳು

1. ಪ್ರಾಣಿಶಾಸ್ತ್ರ, ವನ್ಯಜೀವಿ ಶಾಸ್ತ್ರ, ಪರಿಸರ ವಿಜ್ಞಾನ ಅಥವಾ ತತ್ಸಮಾನ ವಿಷಯದಲ್ಲಿ ಪದವಿ.
2. ಒಂದೆರಡು ಋತುಗಳಾದರೂ ಕ್ಷೇತ್ರ ಸಹಾಯಕರಾಗಿ ದುಡಿದ ಅನುಭವ.
3. ಈಜುವ ಸಾಮರ್ಥ್ಯ, ತಣ್ಣೀರಿನಲ್ಲಿ ದೀರ್ಘಕಾಲ ಕೆಲಸ ಮಾಡುವ ದೈಹಿಕ ಕ್ಷಮತೆ.
4. ಸಂಖ್ಯಾಶಾಸ್ತ್ರದ ಜ್ಞಾನ, ವಿಶೇಷವಾಗಿ ಆರ್ ಎಂಬ ಗಣಕ ಭಾಷೆಯ ಪರಿಚಯ.
5. ವಾಹನ ಚಾಲನಾ ಪರವಾನಗಿ. ಅಧ್ಯಯನ ಸ್ಥಳಗಳು ದೂರದ ಕಣಿವೆಗಳಲ್ಲಿರುವುದರಿಂದ ಇದನ್ನು ಅನೇಕ ಪ್ರಕಟಣೆಗಳಲ್ಲಿ ಕಡ್ಡಾಯಗೊಳಿಸಲಾಗಿರುತ್ತದೆ.
6. ಖಾಸಗಿ ಜಮೀನುಗಳ ಮಾಲೀಕರು, ಮೀನು ಹಿಡಿಯುವವರು ಹಾಗೂ ಗ್ರಾಮಸ್ಥರೊಡನೆ ಸೌಜನ್ಯದಿಂದ ವ್ಯವಹರಿಸುವ ಗುಣ. ನದಿಗೆ ಇಳಿಯುವ ದಾರಿ ಬಹುಪಾಲು ಅವರ ಹೊಲಗಳ ಮೂಲಕವೇ ಹಾದುಹೋಗುತ್ತದೆ.

ಕರ್ನಾಟಕದ ವಿದ್ಯಾರ್ಥಿಗಳ ಗಮನಕ್ಕೆ

ಕರ್ನಾಟಕದಲ್ಲಿ ಸಲಮಾಂಡರ್‌ಗಳಿಲ್ಲ. ಪಶ್ಚಿಮ ಘಟ್ಟಗಳ ಉಭಯಚರ ಸಂಪತ್ತೆಲ್ಲವೂ ಕಪ್ಪೆ ಹಾಗೂ ಸಿಸಿಲಿಯನ್‌ಗಳದು. ಭಾರತದಲ್ಲಿ ಸಲಮಾಂಡರ್‌ಗಳು ಕಂಡುಬರುವುದು ಪೂರ್ವ ಹಿಮಾಲಯ ಹಾಗೂ ಈಶಾನ್ಯ ಭಾಗಗಳಲ್ಲಿ ಮಾತ್ರ. ಡಾರ್ಜಿಲಿಂಗ್ ಪ್ರದೇಶದ ಕೊಳಗಳಲ್ಲಿ ಮಳೆಗಾಲದಲ್ಲಿ ಮೊಟ್ಟೆಯಿಡುವ ಹಿಮಾಲಯದ ಸಲಮಾಂಡರನ್ನು 2015ರಲ್ಲಿ ಪ್ರತ್ಯೇಕ ಜಾತಿಯೆಂದು ವರ್ಣಿಸಲಾಯಿತು. ಅದು ವರ್ಷದ ಕೆಲಕಾಲವನ್ನು ನೆಲದ ಮೇಲೂ ಕಳೆಯುತ್ತದೆ. ಅದರ ಕ್ಷೇತ್ರ ಅಧ್ಯಯನಕ್ಕೆ ಸಂಬಂಧಪಟ್ಟ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಾನುಮತಿ ಅವಶ್ಯಕ.

ವಿದೇಶಕ್ಕೆ ತೆರಳುವ ಮುನ್ನ ದೇಶದೊಳಗೇ ಕ್ಷೇತ್ರ ತರಬೇತಿ ಪಡೆಯಲು ಮಾರ್ಗಗಳಿವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವು ವನ್ಯಜೀವಿ ಜೀವಶಾಸ್ತ್ರ ಹಾಗೂ ಸಂರಕ್ಷಣೆಯಲ್ಲಿ ಎರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗವನ್ನು ನಡೆಸಿಕೊಂಡು ಬಂದಿದೆ. ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿಯೂ ಈ ವಿಷಯದಲ್ಲಿ ವ್ಯಾಸಂಗದ ಅವಕಾಶವಿದೆ. ಗುರುತು ಮಾಡಿ ಮರುಹಿಡಿಯುವುದು, ಪರಿಸರ ಡಿಎನ್‌ಎ ಮುಂತಾದ ವಿಧಾನಗಳನ್ನು ಘಟ್ಟದ ಹೊಳೆಗಳಲ್ಲಿ ಕಪ್ಪೆಗಳ ಅಧ್ಯಯನದಲ್ಲಿ ಕಲಿತವರಿಗೆ ಅಪಲೇಚಿಯನ್ ಹೊಳೆಯಲ್ಲಿ ಆ ಅನುಭವವು ನೇರವಾಗಿ ನೆರವಾಗುತ್ತದೆ. ಅಲ್ಲಿ ಕಲಿತುದು ಇಲ್ಲಿಗೂ ಅಷ್ಟೇ ಉಪಯುಕ್ತ.

ಸಮಾರೋಪ

2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತದಿಂದ ಉಂಟಾದ ಪ್ರವಾಹವು ಉತ್ತರ ಕೆರೊಲಿನಾ, ಟೆನೆಸ್ಸೀ ಹಾಗೂ ವರ್ಜೀನಿಯಾ ಭಾಗದ ಅನೇಕ ಹೆಲ್‌ಬೆಂಡರ್ ನದಿಗಳ ಪಾತ್ರವನ್ನೇ ಬದಲಿಸಿತು. ಇಂತಹ ವಿಪತ್ತಿನ ನಂತರ ಏನು ನಷ್ಟವಾಯಿತೆಂದು ಅಳೆಯಲು, ಮೊದಲು ಏನಿತ್ತೆಂಬ ದಾಖಲೆ ಇರಬೇಕು. ಆ ದಾಖಲೆಯನ್ನು ಸಿದ್ಧಪಡಿಸಿದವರಲ್ಲಿ ಅನೇಕರು ತಮ್ಮ ಪ್ರಬಂಧ ಮುಗಿಸಿ ಬೇರೆ ಕಾರ್ಯಗಳಿಗೆ ತೆರಳಿದ ವಿದ್ಯಾರ್ಥಿಗಳು. ಅವರು ಅಳೆದು ಬಿಟ್ಟ ಪ್ರಾಣಿಗಳಲ್ಲಿ ಬದುಕುಳಿದವು ಇಂದಿಗೂ ಚರ್ಮದಡಿಯಲ್ಲಿ ಅದೇ ಸಂಖ್ಯೆಯನ್ನು ಹೊತ್ತಿರುತ್ತವೆ.

ಈ ಕ್ಷೇತ್ರವನ್ನು ಆಯ್ಕೆ ಮಾಡಿಕೊಳ್ಳಲಿಚ್ಛಿಸುವವರು ಫಲಿತಾಂಶವು ತಮ್ಮ ವ್ಯಾಸಂಗದ ಅವಧಿಯಲ್ಲಿಯೇ ಪೂರ್ಣವಾಗಿ ದೊರೆಯಲಾರದೆಂಬುದನ್ನು ಮೊದಲೇ ತಿಳಿದಿರಬೇಕು. ತಮಗೆ ದೊರೆತ ದತ್ತಾಂಶವನ್ನು ಸ್ಪಷ್ಟವಾಗಿ, ಪ್ರಾಮಾಣಿಕವಾಗಿ ಬರೆದಿಟ್ಟು ಮುಂದಿನವರ ಕೈಗೊಪ್ಪಿಸುವುದು ಸಂಶೋಧನಾ ಪ್ರಬಂಧದಷ್ಟೇ ಮುಖ್ಯವಾದ ಹೊಣೆಯಾಗಿದೆ. ಆಸಕ್ತರು ಪ್ರವೇಶದ ದಿನಾಂಕ, ಅರ್ಹತೆ ಹಾಗೂ ಧನಸಹಾಯದ ವಿವರಗಳನ್ನು ಆಯಾ ವಿಶ್ವವಿದ್ಯಾಲಯಗಳಿಂದ ನೇರವಾಗಿ ಖಚಿತಪಡಿಸಿಕೊಳ್ಳತಕ್ಕದ್ದು.